ಮಲೆನಾಡಿನ ಪಿಕಪ್ ಗಾಡಿಯ ಉಸಿರು

ಇಕ್ಕೇರಿಯ ನಾಯಕರ ಕಾಲದಲ್ಲಿ ಮಲೆನಾಡಿನ ಮೆಣಸು ಅಡಕೆಗಳು ಹೇರಿನ ಎತ್ತುಗಳ ಬೆನ್ನಿನ ಮೇಲೆ ಘಟ್ಟವಿಳಿದು ಕರಾವಳಿಯ ಬಂದರುಗಳನ್ನು ಸೇರುತ್ತಿದ್ದುವು. ಎತ್ತು ಏರಿನಲ್ಲಿ ಏದುಸಿರು ಬಿಟ್ಟರೆ ಒಡೆಯನು ಅದನ್ನು ನಿಲ್ಲಿಸಿ, ದಣಿವಾರಿಸಿ, ಅನಂತರ ಮುಂದೆ ನಡೆಸುತ್ತಿದ್ದನು. ಇಂದು ಆ ಹೇರನ್ನು ಹೊರುವುದು ಡೀಸೆಲ್ ಪಿಕಪ್ ಗಾಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಯಾವ ತೋಟದ ದಾರಿಯಲ್ಲಿ ನಿಂತು ನೋಡಿದರೂ ಅಡಕೆಯ ಮೂಟೆ, ಬಾಳೆಗೊನೆ, ಗೊಬ್ಬರದ ಚೀಲ, ಮದುವೆಯ ಪಾತ್ರೆ ಪರಡಿ, ಎಲ್ಲವನ್ನೂ ಹೊತ್ತು ಏರನ್ನು ಹತ್ತುವ ಈ ಗಾಡಿಯನ್ನು ಕಾಣಬಹುದು. ಇದಕ್ಕೂ ಏದುಸಿರುಂಟು. ಅದು ಕರಿಹೊಗೆಯ ರೂಪದಲ್ಲಿ ಹಿಂದಿನ ಕೊಳವೆಯಿಂದ ಹೊರಬೀಳುತ್ತದೆ.

ಈ ಏದುಸಿರಿಗೆ ಮದ್ದೆಂದು ಪೇಟೆಯಲ್ಲಿ ಹಲವು ಸಾಮಗ್ರಿಗಳು ಮಾರಾಟಕ್ಕಿವೆ. ಗಾಡಿಯೊಡನೆ ಬಂದ ಗಾಳಿ ಶೋಧಕದ ಪೆಟ್ಟಿಗೆಯನ್ನು ಕಿತ್ತೆಸೆದು, ಅದರ ಸ್ಥಾನದಲ್ಲಿ ಶಂಕುವಿನಾಕಾರದ ತೆರೆದ ಶೋಧಕವನ್ನೂ ಹೊಳೆಯುವ ದಪ್ಪ ಕೊಳವೆಯನ್ನೂ ಕೂಡಿಸಿದರೆ ಯಂತ್ರವು ಧಾರಾಳವಾಗಿ ಉಸಿರಾಡುವುದೆಂದೂ, ಗಾಳಿ ಹೆಚ್ಚಿದಷ್ಟೂ ಬಲ ಹೆಚ್ಚುವುದೆಂದೂ ಮಾರುವವರು ಹೇಳುತ್ತಾರೆ. ಮಾತು ಕೇಳುವುದಕ್ಕೆ ಸಹಜವಾಗಿಯೇ ಇದೆ. ಆದರೆ ಅದರಲ್ಲಿ ಎಷ್ಟು ನಿಜ, ಎಷ್ಟು ಪೊಳ್ಳು ಎಂಬುದನ್ನು ಒಂದು ಮೀಟರ್ ನೀರಿನ ಕೊಳವೆಯಿಂದ ಅಳೆದು ತಿಳಿಯಲು ಸಾಧ್ಯವಿದೆ. ಆ ಅಳತೆಯ ಬಳಿಗೆ ಹೋಗುವ ಮೊದಲು ಯಂತ್ರವು ಉಸಿರಾಡುವ ಬಗೆಯನ್ನು ಸ್ವಲ್ಪ ನೋಡೋಣ.

ಡೀಸೆಲ್ ಯಂತ್ರಕ್ಕೆ ಕಿಡಿ ಬೇಕಾಗಿಲ್ಲವೆಂಬುದನ್ನು ವಾಚಕರು ಬಲ್ಲರು. ಜರ್ಮನಿಯ ರುಡೋಲ್ಫ್ ಡೀಸೆಲನು 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ಓಡಿಸಿ ತೋರಿಸಿದ ಯಂತ್ರದ ತತ್ತ್ವವೇ ಇಂದಿಗೂ ನಡೆದುಬಂದಿದೆ. ಸಿಲಿಂಡರಿನೊಳಕ್ಕೆ ಬರಿಯ ಗಾಳಿಯನ್ನು ಎಳೆದುಕೊಂಡು, ಪಿಸ್ಟನ್ನು ಅದನ್ನು ಹದಿನಾರು ಹದಿನೇಳು ಪಾಲಿಗೆ ಒಂದು ಪಾಲಾಗುವಂತೆ ಅದುಮುತ್ತದೆ. ಅದುಮಿದ ಗಾಳಿಯ ಉಷ್ಣತೆ 500 ಡಿಗ್ರಿ ಸೆಂಟಿಗ್ರೇಡನ್ನೂ ಮೀರಿ ಏರುತ್ತದೆ. ಆ ಕಾದ ಗಾಳಿಗೆ ಡೀಸೆಲನ್ನು ಸಣ್ಣ ತುಂತುರಾಗಿ ಚಿಮ್ಮಿದೊಡನೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ.

ಹೀಗೆ ಎಳೆದುಕೊಳ್ಳುವ ಗಾಳಿ ಎಷ್ಟೆಂಬುದನ್ನು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ನಮ್ಮ ಪಿಕಪ್ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವ ಯಂತ್ರದ ಗಾತ್ರ ಸುಮಾರು ಎರಡೂವರೆ ಲೀಟರು. ನಾಲ್ಕು ಹೊಡೆತಗಳ ಯಂತ್ರವಾದುದರಿಂದ ಎರಡು ಸುತ್ತಿಗೆ ಒಮ್ಮೆ ಈ ಗಾತ್ರವೆಲ್ಲವೂ ಗಾಳಿಯಿಂದ ತುಂಬಬೇಕು. ನಿಮಿಷಕ್ಕೆ 2500 ಸುತ್ತುಗಳಾದರೆ 1250 ಸಲ ತುಂಬಿದಂತಾಯಿತು. ಅಂದರೆ 3125 ಲೀಟರು. ಕವಾಟಗಳ ಇಕ್ಕಟ್ಟಿನಿಂದಾಗಿ ಪೂರ್ತಿ ತುಂಬುವುದಿಲ್ಲವೆಂದು ನೂರಕ್ಕೆ ಹದಿನೈದನ್ನು ಕಳೆದರೂ, ಪ್ರತಿ ನಿಮಿಷಕ್ಕೆ 2600 ಲೀಟರಿಗಿಂತ ಹೆಚ್ಚು ಗಾಳಿ ಆ ಒಂದು ಕೊಳವೆಯ ಮೂಲಕ ನುಗ್ಗಬೇಕು. ಇಂಧನದ ಕಡೆಯಿಂದ ನೋಡಿದರೂ ಅಷ್ಟೆ. ಒಂದು ಕಿಲೋಗ್ರಾಂ ಡೀಸೆಲ್ ಪೂರ್ಣವಾಗಿ ಉರಿಯಲು ಸುಮಾರು ಹದಿನಾಲ್ಕೂವರೆ ಕಿಲೋಗ್ರಾಂ ಗಾಳಿ ಬೇಕು. ಸಾಗರದ ಎತ್ತರದಲ್ಲಿ ಒಂದು ಲೀಟರ್ ಡೀಸೆಲಿಗೆ ಕನಿಷ್ಠವೆಂದರೂ 11,000 ಲೀಟರ್ ಗಾಳಿಯಾಯಿತು. ನಿಜವಾದ ಓಟದಲ್ಲಿ ಡೀಸೆಲ್ ಯಂತ್ರವು ಕನಿಷ್ಠ ಪ್ರಮಾಣಕ್ಕಿಂತ ಬಹಳ ಹೆಚ್ಚು ಗಾಳಿಯನ್ನೇ ಸೇವಿಸುತ್ತದೆ. ಹೀಗಿರಲು ಗಾಳಿಯ ದಾರಿ ಸರಿಯಾಗಿರಬೇಕೆಂಬ ಮಾತಿನಲ್ಲಿ ತಪ್ಪಿಲ್ಲ.

ತಪ್ಪಿರುವುದು ಅದರ ಮುಂದಿನ ಮಾತಿನಲ್ಲಿ. ಲಾಟೀನನ್ನು ನೆನಪಿಗೆ ತಂದುಕೊಳ್ಳಿ. ಬತ್ತಿಯನ್ನು ಏರಿಸಿದರೆ ಬೆಳಕು ಹೆಚ್ಚುತ್ತದೆ. ಇನ್ನೂ ಏರಿಸಿದರೆ ಒಳಕ್ಕೆ ಬರುವ ಗಾಳಿ ಸಾಲದೆ ಗಾಜಿಗೆ ಮಸಿ ಹಿಡಿಯುತ್ತದೆ. ಮಸಿ ಹಿಡಿಯುವ ಲಾಟೀನಿಗೆ ಗಾಳಿಯ ದಾರಿಯನ್ನು ಬಿಡಿಸಿದರೆ ಉಪಯೋಗವುಂಟು. ಆದರೆ ಬತ್ತಿಯನ್ನು ಇದ್ದಲ್ಲಿಯೇ ಬಿಟ್ಟು, ಸ್ವಚ್ಛವಾಗಿ ಉರಿಯುತ್ತಿರುವ ಲಾಟೀನಿಗೆ ಹೆಚ್ಚು ಗಾಳಿ ಬಿಟ್ಟರೆ ಬೆಳಕೇನೂ ಹೆಚ್ಚುವುದಿಲ್ಲ. ಡೀಸೆಲ್ ಯಂತ್ರವೂ ಹೀಗೆಯೇ. ಚಾಲಕನು ತುಳಿಯುವ ಪೆಡಲು ಇಂಧನದ ಪ್ರಮಾಣವನ್ನು ನಿಯಂತ್ರಿಸುತ್ತದೆ, ಗಾಳಿಯದನ್ನಲ್ಲ. ಪೆಟ್ರೋಲ್ ಯಂತ್ರದಲ್ಲಿ ಗಾಳಿಯ ದಾರಿಗೆ ಒಂದು ಕದವಿದ್ದು, ಗಾಳಿ ಬಂದಷ್ಟಕ್ಕೆ ತಕ್ಕ ಪೆಟ್ರೋಲನ್ನು ಕೊಡುವ ಏರ್ಪಾಡಿದೆ. ಅಲ್ಲಿ ಗಾಳಿ ಹೆಚ್ಚಿದರೆ ಬಲ ಹೆಚ್ಚುವುದು ಸಹಜ. ಡೀಸೆಲ್ ಯಂತ್ರದಲ್ಲಿ ಇಂಧನವೇ ಬಲ, ಗಾಳಿ ಅದರ ಮೇರೆ ಮಾತ್ರ. ಆ ಮೇರೆ ಮುಟ್ಟಿತೆಂಬುದಕ್ಕೆ ಕುರುಹು ಕರಿಹೊಗೆ. ಹೊಗೆಯಿಲ್ಲದೆ ಓಡುತ್ತಿರುವ ಗಾಡಿಗೆ ದುಬಾರಿ ಶೋಧಕವನ್ನು ಕೊಳ್ಳುವುದೆಂದರೆ, ಸರಿಯಾಗಿ ಉರಿಯುವ ಲಾಟೀನಿಗೆ ಬೀಸಣಿಗೆ ಕೊಂಡಂತೆ.

ಹಾಗಾದರೆ ಹೊಸ ಶೋಧಕವನ್ನು ಹಾಕಿಸಿಕೊಂಡವರೆಲ್ಲರೂ ಗಾಡಿ ಚುರುಕಾಯಿತೆಂದು ಹೇಳುವುದೇಕೆ? ಮೂಲದ ಪೆಟ್ಟಿಗೆಯು ಧೂಳನ್ನು ಸೋಸುವುದಲ್ಲದೆ ಯಂತ್ರವು ಗಾಳಿಯನ್ನು ಹೀರುವ ಸದ್ದನ್ನೂ ಅಡಗಿಸುತ್ತದೆ. ಪೆಟ್ಟಿಗೆ ಹೋದೊಡನೆ ಗರ್ಜನೆ ಕೇಳಿಬರುತ್ತದೆ. ಮನುಷ್ಯನ ಕಿವಿಯು ಗರ್ಜನೆಯನ್ನು ಬಲವೆಂದು ಭಾವಿಸುವುದು ಹುಲಿಯ ಕಾಲದಿಂದಲೂ ಬಂದ ಅಭ್ಯಾಸವಿರಬೇಕು.

ಎತ್ತರವೂ ಸೆಕೆಯೂ

ಯಂತ್ರದಿಂದ ಗಾಳಿಯನ್ನು ಕದಿಯುವವರು ಯಾರು? ಮೊದಲನೆಯದು ಎತ್ತರ. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ಆಗುಂಬೆಯಲ್ಲಿ ಗಾಳಿಯ ಒತ್ತಡ ಕರಾವಳಿಯಲ್ಲಿರುವುದಕ್ಕಿಂತ ನೂರಕ್ಕೆ ಏಳು ಎಂಟರಷ್ಟು ಕಡಿಮೆ. 1343 ಮೀಟರ್ ಎತ್ತರದ ಕೊಡಚಾದ್ರಿಯ ಶಿಖರದಲ್ಲಿ ನೂರಕ್ಕೆ ಹದಿನೈದು ಕಡಿಮೆ. ಮೇಲೆ ತಂಪಿರುವುದರಿಂದ ಗಾಳಿಯ ಸಾಂದ್ರತೆ ಅಷ್ಟು ಇಳಿಯದೆ ನೂರಕ್ಕೆ ಹನ್ನೆರಡರಷ್ಟು ಮಾತ್ರ ಇಳಿಯುತ್ತದೆ. ಕೊಡಚಾದ್ರಿಯ ಕಲ್ಲುದಾರಿಯಲ್ಲಿ ಯಾತ್ರಿಕರನ್ನು ಹೊತ್ತು ಹತ್ತಿದ ಹಳೆಯ ಜೀಪುಗಳು ಕರಿಹೊಗೆ ಉಗುಳಿದುದು ಇದರಿಂದಲೇ. ಅವುಗಳಲ್ಲಿ ಇಂಧನವನ್ನು ಅಳೆದು ಕೊಡುವ ಪಂಪು ಬರಿಯ ಯಾಂತ್ರಿಕವಾದುದು. ಅದಕ್ಕೆ ಎತ್ತರದ ಅರಿವಿಲ್ಲ. ಕೆಳಗೆ ಕೊಟ್ಟಷ್ಟೇ ಡೀಸೆಲನ್ನು ಮೇಲೆಯೂ ಕೊಡುತ್ತದೆ, ಉರಿಸಲು ಗಾಳಿಯಾದರೋ ಸಾಲದು. ಇದು ಬತ್ತಿಯನ್ನು ಮಿತಿಮೀರಿ ಏರಿಸಿದ ಲಾಟೀನಿನ ಸ್ಥಿತಿ.

ಎರಡನೆಯ ಕಳ್ಳನು ಸೆಕೆ. ಇವನ ಕಡೆಗೆ ನಮ್ಮವರ ಗಮನ ಹೋಗುವುದು ಕಡಿಮೆ. ಕಾದ ಗಾಳಿ ಹಿಗ್ಗುತ್ತದೆಂಬುದು ಶಾಲೆಯ ಪಾಠ. ಹೊರಗಿನ ಗಾಳಿ 30 ಡಿಗ್ರಿಯಿದ್ದರೆ, ಭಾರ ಹೊತ್ತು ನಿಧಾನವಾಗಿ ಏರುತ್ತಿರುವ ಗಾಡಿಯ ಮುಚ್ಚಳದೊಳಗಿನ ಗಾಳಿ 60 ಡಿಗ್ರಿಯನ್ನು ಸುಲಭವಾಗಿ ಮುಟ್ಟುತ್ತದೆ. ಪರಮ ಉಷ್ಣತೆಯಲ್ಲಿ ಇವು 303 ಮತ್ತು 333. ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡಿದರೆ ಒಂದೇ ಗಾತ್ರದಲ್ಲಿ ಹಿಡಿಯುವ ಗಾಳಿ ನೂರಕ್ಕೆ ಒಂಬತ್ತು ಕಡಿಮೆಯಾಗುತ್ತದೆ. ಸಾಗರದಲ್ಲಿರುವ ಗಾಡಿಯನ್ನು ಹೆಚ್ಚುಕಡಮೆ ಕೊಡಚಾದ್ರಿಯ ತುದಿಗೆ ಕೊಂಡೊಯ್ದಷ್ಟು ನಷ್ಟವಿದು! ಶಂಕುವಿನಾಕಾರದ ತೆರೆದ ಶೋಧಕವು ಎಲ್ಲಿ ಕುಳಿತಿರುತ್ತದೆಂಬುದನ್ನು ಈಗ ನೆನೆದು ನೋಡಬೇಕು. ಅದು ಯಂತ್ರದ ಪಕ್ಕದಲ್ಲಿಯೇ, ಆ ಬಿಸಿಗಾಳಿಯ ನಡುವೆಯೇ ಕುಳಿತಿರುತ್ತದೆ. ಮೂಲದ ಪೆಟ್ಟಿಗೆಯು ಕುರೂಪಿಯಾದರೂ ಅದರ ಮೂತಿಯನ್ನು ತಯಾರಕರು ಸಾಮಾನ್ಯವಾಗಿ ಮುಂಭಾಗದ ಜಾಲರಿಯ ಹತ್ತಿರ ಅಥವಾ ಚಕ್ರದ ಮೇಲ್ಮರೆಯೊಳಗೆ, ತಂಪುಗಾಳಿ ದೊರೆಯುವಲ್ಲಿ ಇಟ್ಟಿರುತ್ತಾರೆ. ಹಳೆಯ ಗಾಡಿಗಳಲ್ಲಿ ಈ ಮೂತಿಯ ತುಂಡು ಮುರಿದು ಬಿದ್ದುಹೋಗಿರುವುದನ್ನು ನಾವು ಎಷ್ಟೋ ಕಡೆ ಕಂಡಿದ್ದೇವೆ. ಅದನ್ನು ಮತ್ತೆ ಕೂಡಿಸುವುದೇ ಮೊದಲನೆಯ ಸುಧಾರಣೆ. ಅದಕ್ಕೆ ತಗಲುವ ವೆಚ್ಚ ಬಹಳ ಸಣ್ಣದು.

ಗಾಳಿಯ ಮೂತಿಯನ್ನು ಮುಂದಕ್ಕೆ ತಿರುಗಿಸಿದರೆ ಓಟದ ವೇಗದಿಂದಲೇ ಗಾಳಿ ಒಳಕ್ಕೆ ನೂಕಲ್ಪಡುವುದೆಂಬ ನಂಬಿಕೆಯೊಂದಿದೆ. ಲೆಕ್ಕ ಸುಲಭ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಎದುರುಗಾಳಿಯ ಒತ್ತಡ ಸುಮಾರು 160 ಪಾಸ್ಕಲ್. ವಾಯುಮಂಡಲದ ಒತ್ತಡವು ಒಂದು ಲಕ್ಷ ಪಾಸ್ಕಲ್. ಲಾಭವು ಸಾವಿರಕ್ಕೆ ಎರಡು ಪಾಲೂ ಆಗಲಿಲ್ಲ. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಅರುವತ್ತರ ವೇಗವಾದರೂ ಎಲ್ಲಿಂದ ಬರಬೇಕು?

ಗಾಳಿಯನ್ನು ನಿಜವಾಗಿ ಒಳಕ್ಕೆ ನೂಕುವ ಸಾಧನ ಟರ್ಬೋಚಾರ್ಜರು. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರನು 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಹೊರಹೋಗುವ ಹೊಗೆಯು ಒಂದು ಗಾಲಿಯನ್ನು ತಿರುಗಿಸುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಗಾಲಿಯು ಹೊಸ ಗಾಳಿಯನ್ನು ಅದುಮಿ ಸಿಲಿಂಡರಿಗೆ ತುಂಬುತ್ತದೆ. ಇಂದಿನ ಪಿಕಪ್ ಗಾಡಿಗಳೆಲ್ಲವೂ ಹೆಚ್ಚಾಗಿ ಇದನ್ನು ಪಡೆದೇ ಬರುತ್ತವೆ. ಎತ್ತರದಿಂದಾದ ನಷ್ಟವನ್ನು ಬಹುಮಟ್ಟಿಗೆ ಇದು ತುಂಬಿಕೊಡುವುದರಿಂದ, ಹಳೆಯ ಜೀಪು ಏದುಸಿರು ಬಿಡುವಲ್ಲಿ ಹೊಸ ಗಾಡಿ ಸಲೀಸಾಗಿ ಏರುತ್ತದೆ. ಆದರೆ ಅದುಮಿದ ಗಾಳಿ ಕಾಯುತ್ತದಷ್ಟೆ. ಒತ್ತಡವನ್ನು ಇಮ್ಮಡಿಗೊಳಿಸಿದಾಗ 30 ಡಿಗ್ರಿಯ ಗಾಳಿ 120 ಡಿಗ್ರಿಗೂ ಮೇಲೇರಬಲ್ಲುದು. ಅದನ್ನು ತಣಿಸಲು ಮುಂಭಾಗದಲ್ಲಿ ಇಂಟರ್‌ಕೂಲರ್ ಎಂಬ ಜಾಲರಿಯಿದೆ. ಗಾಳಿಯನ್ನು ಇದು 60 ಡಿಗ್ರಿಗೆ ಇಳಿಸಿದರೆ ಸಾಂದ್ರತೆಯು ನೂರಕ್ಕೆ ಇಪ್ಪತ್ತರ ಹತ್ತಿರ ಹೆಚ್ಚುತ್ತದೆ. ಯಾವ ಶೋಧಕವನ್ನು ಬದಲಿಸಿದರೂ ಇಷ್ಟು ಲಾಭ ದೊರೆಯದು. ಮಳೆಗಾಲ ಕಳೆದ ಮೇಲೆ ಈ ಜಾಲರಿಯ ಎಲೆಗಳ ನಡುವೆ ಕೆಸರು ಒಣಗಿ ಗೋಡೆಯಂತಾಗಿರುತ್ತದೆ. ಒತ್ತಡ ಕಡಿಮೆ ಮಾಡಿದ ನೀರಿನಿಂದ ಅದನ್ನು ಹಿಂದಿನಿಂದ ಮುಂದಕ್ಕೆ ತೊಳೆಯುವುದೂ, ಅದರ ರಬ್ಬರ್ ಕೊಳವೆಗಳ ಬಿಗಿತವನ್ನು ನೋಡುವುದೂ ಮಲೆನಾಡಿನ ಗಾಡಿಗೆ ಒಳ್ಳೆಯ ಚಿಕಿತ್ಸೆ.

ನೀರಿನ ಕೊಳವೆಯ ಸಾಕ್ಷಿ

ಈಗ ಅಳತೆಗೆ ಬರೋಣ. ಪಾರದರ್ಶಕವಾದ ಪ್ಲಾಸ್ಟಿಕ್ ಕೊಳವೆಯನ್ನು ಮೂರು ಮೀಟರಿನಷ್ಟು ತಂದು, ಅದರ ಒಂದು ಭಾಗವನ್ನು ಹಲಗೆಯ ಮೇಲೆ ಎರಡು ಕಾಲುಗಳಾಗಿ ಬಾಗಿಸಿ ಕಟ್ಟಬೇಕು. ಪ್ರತಿ ಕಾಲೂ ಒಂದು ಮೀಟರಿಗೆ ಕಡಿಮೆಯಿಲ್ಲದಿರಲಿ. ಅರ್ಧದವರೆಗೆ ಬಣ್ಣದ ನೀರನ್ನು ತುಂಬಿ, ಒಂದು ತುದಿಯನ್ನು ತೆರೆದಿಟ್ಟು, ಇನ್ನೊಂದನ್ನು ಶೋಧಕಕ್ಕೂ ಯಂತ್ರಕ್ಕೂ ನಡುವಣ ಗಾಳಿಯ ದಾರಿಗೆ ಜೋಡಿಸಬೇಕು. ಅನೇಕ ಗಾಡಿಗಳಲ್ಲಿ ಧೂಳಿನ ಸೂಚಕವನ್ನು ಕೂಡಿಸುವ ಸಣ್ಣ ತೂತು ಅಲ್ಲಿಯೇ ಇರುತ್ತದೆ. ಯಂತ್ರವು ಗಾಳಿಯನ್ನು ಹೀರಿದಾಗ ಅಲ್ಲಿ ಒತ್ತಡ ಇಳಿದು, ಒಂದು ಕಾಲಿನಲ್ಲಿ ನೀರು ಏರಿ ಇನ್ನೊಂದರಲ್ಲಿ ಇಳಿಯುತ್ತದೆ. ಎರಡು ಮಟ್ಟಗಳ ಅಂತರವೇ ಗಾಳಿಯ ದಾರಿಯ ಅಡ್ಡಿ.

ಟರ್ಬೋ ಇಲ್ಲದ ಹಳೆಯ ಯಂತ್ರವಾದರೆ ನಿಂತಲ್ಲಿಯೇ ಪೂರ್ಣ ವೇಗದಲ್ಲಿ ಓಡಿಸಿ ಅಳೆಯಬಹುದು. ಗಾಳಿಗೆ ಕದವಿಲ್ಲವಾದುದರಿಂದ ಭಾರವಿರಲಿ ಬಿಡಲಿ ಅದು ಅಷ್ಟೇ ಗಾಳಿಯನ್ನು ಹೀರುತ್ತದೆ. ಟರ್ಬೋ ಇರುವ ಯಂತ್ರವು ಭಾರ ಬಿದ್ದಾಗ ಮಾತ್ರ ಪೂರ್ಣವಾಗಿ ಹೀರುವುದರಿಂದ ಅದನ್ನು ಏರಿನಲ್ಲಿಯೇ ಪರೀಕ್ಷಿಸಬೇಕು. ಆಗ ಹಲಗೆಯನ್ನು ಒಬ್ಬರು ಹಿಡಿದು ನೋಡುತ್ತಿರಲಿ. ಚಾಲಕನ ಕಣ್ಣು ದಾರಿಯ ಮೇಲಿರಲಿ. ಎಂದಿಗೂ ನೀರು ಕಾಲಿನ ತುದಿಯವರೆಗೆ ಏರಿ ಯಂತ್ರದೊಳಕ್ಕೆ ಹೋಗಬಾರದು.

ಹತ್ತು ಸೆಂಟಿಮೀಟರ್ ನೀರೆಂದರೆ ವಾಯುಮಂಡಲದ ಒತ್ತಡದಲ್ಲಿ ನೂರಕ್ಕೆ ಒಂದು ಪಾಲು. ಈ ಒಂದು ವಾಕ್ಯವೇ ನಮ್ಮ ತಕ್ಕಡಿ. ಅಂತರವು 25 ಸೆಂಟಿಮೀಟರ್ ಬಂದಿತೆಂದು ಇಟ್ಟುಕೊಳ್ಳೋಣ. ಶೋಧಕವನ್ನೇ ಕಿತ್ತೆಸೆದು ಬರಿಯ ಬಾಯಿ ಬಿಟ್ಟರೂ ದೊರೆಯಬಹುದಾದ ಹೆಚ್ಚಿನ ಗಾಳಿ ನೂರಕ್ಕೆ ಎರಡೂವರೆ ಮಾತ್ರ. ಯಾವ ಬೆಲೆಯ ಶೋಧಕವೂ ಇದನ್ನು ಮೀರಲಾರದು. ಅದರ ಬದಲು 60 ಸೆಂಟಿಮೀಟರಿನ ಹತ್ತಿರ ಬಂದಿತೆಂದರೆ ಶೋಧಕವು ಧೂಳಿನಿಂದ ಕಟ್ಟಿಕೊಂಡಿದೆ, ಅಥವಾ ಒಳಗೆ ಇಲಿ ಗೂಡು ಮಾಡಿದೆ, ಅಥವಾ ಹಳೆಯ ರಬ್ಬರ್ ಕೊಳವೆ ಒಳಕ್ಕೆ ಕುಸಿಯುತ್ತಿದೆ. ಸಾಮಾನ್ಯವಾಗಿ ಡೀಸೆಲ್ ಯಂತ್ರಗಳ ತಯಾರಕರು ಶೋಧಕವನ್ನು ಬದಲಿಸಲು ಹೇಳುವ ಮಿತಿ 50ರಿಂದ 65 ಸೆಂಟಿಮೀಟರಿನ ಒಳಗಿರುತ್ತದೆ. ಆಗ ಬೇಕಾದುದು ಹೊಸ ಕಾಗದದ ಶೋಧಕವೇ ಹೊರತು ಹೊಸ ಬಗೆಯ ಶೋಧಕವಲ್ಲ.

ಕೆಂಪು ಧೂಳು

ಮಕರ ಸಂಕ್ರಾಂತಿ ಕಳೆದು ಮುಂಗಾರು ಬರುವವರೆಗೆ ಇಕ್ಕೇರಿಯ ಸೀಮೆಯ ಮಣ್ಣುದಾರಿಗಳ ಬಣ್ಣವನ್ನು ಬಲ್ಲವರಿಗೆ ಈ ಭಾಗ ಬೇಗ ತಿಳಿಯುತ್ತದೆ. ಇದು ಜಂಬಿಟ್ಟಿಗೆಯ ನಾಡು. ಮಲಬಾರಿನಲ್ಲಿ ಕಂಡ ಇಂಥ ಕಲ್ಲಿಗೆ ಲ್ಯಾಟರೈಟ್ ಎಂದು 1807ರ ಗ್ರಂಥದಲ್ಲಿ ಹೆಸರಿಟ್ಟ ಫ್ರಾನ್ಸಿಸ್ ಬುಕಾನನ್ನನು 1801ರಲ್ಲಿ ಇಕ್ಕೇರಿಯನ್ನೂ ಹಾದುಹೋದವನೇ. ಇದರ ಧೂಳಿನಲ್ಲಿ ಕಬ್ಬಿಣದ ಆಕ್ಸೈಡಿನೊಡನೆ ಬೆಣಚಿನ ಸೂಕ್ಷ್ಮ ಕಣಗಳೂ ಬೆರೆತಿರುತ್ತವೆ. ಸಿಲಿಂಡರಿನ ಗೋಡೆಗೂ ಪಿಸ್ಟನ್ನಿನ ಬಳೆಗೂ ನಡುವೆ ಇರುವುದು ಕೆಲವೇ ಮೈಕ್ರಾನ್ ದಪ್ಪದ ಎಣ್ಣೆಯ ಪೊರೆ. ಆ ಪೊರೆಗಿಂತ ತುಸು ದೊಡ್ಡ ಕಣವು ಅಲ್ಲಿ ಸಿಕ್ಕಿದರೆ ಉಪ್ಪುಕಾಗದದಂತೆ ಎರಡೂ ಕಡೆಯನ್ನು ಉಜ್ಜುತ್ತದೆ.

ಶೋಧಕಗಳ ಜಾಹೀರಾತಿನಲ್ಲಿ ನೂರಕ್ಕೆ 97 ಧೂಳನ್ನು ಹಿಡಿಯುವುದೆಂದು ಓದಿದಾಗ ನಮಗೆ ಮೊದಲ ದರ್ಜೆಯ ಅಂಕ ಕಂಡಂತಾಗುತ್ತದೆ. ಇಲ್ಲಿ ನೋಡಬೇಕಾದುದು ಹಿಡಿದುದನ್ನಲ್ಲ, ಬಿಟ್ಟುದನ್ನು. ನಲವತ್ತು ಲೀಟರ್ ಡೀಸೆಲ್ ಮುಗಿಯುವಷ್ಟರಲ್ಲಿ ಯಂತ್ರವು 800 ಘನ ಮೀಟರ್ ಗಾಳಿಯನ್ನು ಹೀರಿತೆನ್ನೋಣ. ಮುಂದಿನ ಗಾಡಿ ಎಬ್ಬಿಸಿದ ಧೂಳಿನಲ್ಲಿ, ಘನ ಮೀಟರಿಗೆ 100 ಮಿಲಿಗ್ರಾಮಿನಂತೆ, ಒಟ್ಟು 80 ಗ್ರಾಂ ಧೂಳು ಬಂದೀತು. ನೂರಕ್ಕೆ 99.5ನ್ನು ಹಿಡಿಯುವ ಕಾಗದವು ಒಳಕ್ಕೆ ಬಿಡುವುದು 0.4 ಗ್ರಾಂ. ನೂರಕ್ಕೆ 97ನ್ನು ಹಿಡಿಯುವುದು ಬಿಡುವುದು 2.4 ಗ್ರಾಂ, ಆರು ಪಾಲು! ಗಾಳಿಯನ್ನು ಧಾರಾಳವಾಗಿ ಬಿಡುವ ಎಣ್ಣೆ ಸವರಿದ ಹತ್ತಿಯ ಶೋಧಕಗಳು ಸಾಮಾನ್ಯವಾಗಿ ಧೂಳಿಗೂ ಕಾಗದದ ಶೋಧಕಕ್ಕಿಂತ ಧಾರಾಳವಾಗಿಯೇ ದಾರಿ ಬಿಡುತ್ತವೆ. ಜೊತೆಗೆ, ಹೊಸ ಗಾಡಿಗಳಲ್ಲಿ ಒಳಬರುವ ಗಾಳಿಯನ್ನು ಅಳೆಯಲು ಬಿಸಿ ಪೊರೆಯ ಸೂಕ್ಷ್ಮ ಉಪಕರಣವೊಂದಿದ್ದು, ಆ ಎಣ್ಣೆಯು ಹೆಚ್ಚಾಗಿ ಅದಕ್ಕೆ ಅಂಟಿದರೆ ಅಳತೆ ತಪ್ಪುತ್ತದೆ. ಆ ಉಪಕರಣವಿರುವ ಕೊಳವೆಯ ವ್ಯಾಸವನ್ನು ಬದಲಿಸಿದರೂ ತಪ್ಪುತ್ತದೆ. ಅಳತೆ ತಪ್ಪಿದ ಯಂತ್ರಕ್ಕೆ ಗಾಳಿಯೆಷ್ಟು ಬಂದರೇನು?

ಹಳೆಯ ಜೀಪು ಟ್ರ್ಯಾಕ್ಟರುಗಳ ಎಣ್ಣೆ ತೊಟ್ಟಿಯ ಶೋಧಕವು ನಮಗೆ ಬಹಳ ಮೆಚ್ಚಿಕೆಯಾದುದು. ಗಾಳಿಯು ಕೆಳಕ್ಕೆ ಧುಮುಕಿ, ತೊಟ್ಟಿಯ ಎಣ್ಣೆಯನ್ನು ಸವರಿ, ತಟಕ್ಕನೆ ಮೇಲಕ್ಕೆ ತಿರುಗುತ್ತದೆ. ಭಾರವಾದ ಧೂಳಿನ ಕಣ ಹಾಗೆ ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ನ್ಯೂಟನ್ನನ ಮೊದಲನೆಯ ನಿಯಮವೇ ಇಲ್ಲಿ ಕಸಗುಡಿಸುವ ಕೆಲಸ ಮಾಡುತ್ತದೆ! ಸೂಕ್ಷ್ಮ ಕಣಗಳನ್ನು ಹಿಡಿಯುವುದರಲ್ಲಿ ಕಾಗದವೇ ಮೇಲೆಂಬುದನ್ನು ಒಪ್ಪಿಕೊಳ್ಳಬೇಕು. ಆದರೆ ಆ ತತ್ತ್ವವು ಇಂದಿಗೂ ಉಪಯುಕ್ತ. ಟ್ರ್ಯಾಕ್ಟರಿನ ಶೋಧಕದ ಮೇಲೆ ಕಾಣುವ ಬಟ್ಟಲಿನಂತಹ ಪೂರ್ವಶೋಧಕವು ಗಾಳಿಯನ್ನು ಸುಳಿಯಂತೆ ತಿರುಗಿಸಿ ದಪ್ಪ ಧೂಳನ್ನು ಹೊರಕ್ಕೆಸೆಯುತ್ತದೆ. ಕಾಗದದ ಆಯುಸ್ಸು ಇದರಿಂದ ಹೆಚ್ಚುತ್ತದೆ. ಗಾಳಿಯ ಪಂಪಿನಿಂದ ವಾರಕ್ಕೊಮ್ಮೆ ಕಾಗದವನ್ನು ಊದಿ ಸ್ವಚ್ಛಗೊಳಿಸುವ ಅಭ್ಯಾಸ ಮಾತ್ರ ಒಳ್ಳೆಯದಲ್ಲ. ಮೇಲೆ ಕುಳಿತ ಧೂಳಿನ ತೆಳು ಪದರವೇ ಇನ್ನೂ ಸಣ್ಣ ಧೂಳನ್ನು ತಡೆಯುತ್ತಿರುತ್ತದೆ. ಜೋರಾಗಿ ಊದಿದರೆ ಕಾಗದದಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಶೋಧಕದ ಆಚೆಯ ಕೊಳವೆಯೊಳಗೆ ಬಿಳಿಯ ಬಟ್ಟೆಯಿಂದ ಒರಸಿ ನೋಡಿ. ಕೆಂಪಗಾದರೆ ಎಲ್ಲೋ ಸಂದು ಬಿಟ್ಟಿದೆಯೆಂದು ತಿಳಿಯಬೇಕು.

ಮುಂಗಾರಿನ ಅಪಾಯ

ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಸರಾಸರಿ ಮಳೆ ಸುರಿಯುವ ಆಗುಂಬೆಯಿರುವುದು ತೀರ್ಥಹಳ್ಳಿ ತಾಲ್ಲೂಕಿನಲ್ಲಿಯೇ. ಆಷಾಢದಲ್ಲಿ ತೋಟದ ದಾರಿಗೂ ಹಳ್ಳಕ್ಕೂ ಭೇದವಿರುವುದಿಲ್ಲ. ಇಲ್ಲಿ ಗಾಳಿಯ ಮೂತಿ ಎಲ್ಲಿದೆಯೆಂಬುದು ಬಲದ ಪ್ರಶ್ನೆಯಾಗಿ ಉಳಿಯದೆ ಯಂತ್ರದ ಪ್ರಾಣದ ಪ್ರಶ್ನೆಯಾಗುತ್ತದೆ.

ಎರಡೂವರೆ ಲೀಟರಿನ ನಾಲ್ಕು ಸಿಲಿಂಡರುಗಳಲ್ಲಿ ಒಂದೊಂದರ ಪಾಲು 625 ಘನ ಸೆಂಟಿಮೀಟರ್. ಗಾಳಿಯನ್ನು ಹದಿನೇಳರಲ್ಲಿ ಒಂದು ಪಾಲಿಗೆ ಅದುಮುವುದಾದರೆ, ಪಿಸ್ಟನ್ನು ಮೇಲಿನ ತುದಿಯನ್ನು ಮುಟ್ಟಿದಾಗ ಉಳಿಯುವ ಜಾಗ 39 ಘನ ಸೆಂಟಿಮೀಟರ್. ಸಣ್ಣ ಚಹಾ ಲೋಟದ ಅರ್ಧವೂ ಅಲ್ಲ. ಗಾಳಿ ಅದುಮಲ್ಪಡುತ್ತದೆ, ನೀರು ಅದುಮಲ್ಪಡುವುದಿಲ್ಲ. ಅಷ್ಟಕ್ಕಿಂತ ಹೆಚ್ಚು ನೀರು ಒಂದು ಸಿಲಿಂಡರನ್ನು ಹೊಕ್ಕರೆ, ಏರಿ ಬರುವ ಪಿಸ್ಟನ್ನು ಗೋಡೆಗೆ ಹಾದಂತಾಗಿ, ಅದನ್ನು ಹಿಡಿದ ಕನೆಕ್ಟಿಂಗ್ ರಾಡು ಬಾಗುತ್ತದೆ, ಕೆಲವೊಮ್ಮೆ ಮುರಿದು ಯಂತ್ರದ ಮೈಯನ್ನೇ ತೂತು ಮಾಡುತ್ತದೆ. ಒಂದು ಗಾಡಿಯನ್ನೇ ನಂಬಿದ ಮನೆಗೆ ಇದು ಒಂದು ವರ್ಷದ ಫಸಲನ್ನು ನುಂಗುವ ವೆಚ್ಚವಾದೀತು. ಕೆಳಮಟ್ಟದಲ್ಲಿ, ಬಂಪರಿನ ಹಿಂದೆ, ತಂಪುಗಾಳಿಗೆಂದು ಶೋಧಕವನ್ನು ಇಳಿಬಿಡುವ ಪಟ್ಟಣದ ಶೋಕಿಯು ಮಲೆನಾಡಿಗೆ ಸಲ್ಲದಿರುವುದಕ್ಕೆ ಇದೇ ಕಾರಣ. ನೆನೆದ ಕಾಗದವು ಉಬ್ಬಿ ಗಾಳಿಯನ್ನು ತಡೆಯುವುದಲ್ಲದೆ ಹರಿದೂ ಹೋಗುತ್ತದೆ.

ಹಳ್ಳ ದಾಟುವ ಗಾಡಿಗಳಿಗೆ ಕಿಟಕಿಯ ಪಕ್ಕದಿಂದ ಮಾಡಿನ ಮಟ್ಟಕ್ಕೆ ಏರುವ ಸ್ನಾರ್ಕೆಲ್ ಎಂಬ ಕೊಳವೆಯನ್ನು ಕೂಡಿಸುವುದುಂಟು. ನಾವು ಅದನ್ನು ಸೊಂಡಿಲು ಎನ್ನಬಹುದು; ಆನೆಯು ಹೊಳೆ ದಾಟುವಾಗ ಮಾಡುವುದೂ ಇದನ್ನೇ. ಬೇಸಿಗೆಯಲ್ಲಿ ಇದರ ಇನ್ನೊಂದು ಗುಣ ಕಾಣುತ್ತದೆ: ಮಾಡಿನೆತ್ತರದ ಗಾಳಿಯಲ್ಲಿ ಚಕ್ರವೆಬ್ಬಿಸಿದ ಧೂಳು ಕಡಿಮೆ, ಸೆಕೆಯೂ ಕಡಿಮೆ. ಡೀಸೆಲ್ ಪಿಕಪ್ ಗಾಡಿಗೆ ಮಾಡಬಹುದಾದ ಗಾಳಿಯ ಸುಧಾರಣೆಗಳಲ್ಲಿ ಇದೊಂದು ನಮ್ಮ ಸೀಮೆಗೆ ಒಪ್ಪುವಂಥದು. ಆದರೆ ಕೊಳವೆಯ ಪ್ರತಿಯೊಂದು ಸಂದೂ ನೀರು ಬಿಡದಂತಿರಬೇಕು. ಶೋಧಕದ ಪೆಟ್ಟಿಗೆಯ ತಳದಲ್ಲಿ ನೀರು ಬಸಿಯಲು ಇಟ್ಟ ತೂತು ತೆರೆದಿದ್ದರೆ ಮೇಲಿನ ಸೊಂಡಿಲು ಅಲಂಕಾರ ಮಾತ್ರ. ವಿದ್ಯುತ್ ಭಾಗಗಳನ್ನೂ ಅಚ್ಚಿನ ಪೆಟ್ಟಿಗೆಯನ್ನೂ ಅದು ಕಾಯುವುದಿಲ್ಲವಾಗಿ, ಕೈಪಿಡಿಯಲ್ಲಿ ಹೇಳಿದ ಆಳವನ್ನು ಮೀರುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ವಿಧಿಯು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. ಆದುದರಿಂದ ಸಾರಿಗೆ ಕಚೇರಿಯಲ್ಲಿ ಕೇಳಿ ತಿಳಿದೇ ಕೈಹಚ್ಚಬೇಕು.

ಇಷ್ಟಾದರೂ ನೀರಿನ ನಡುವೆ ಯಂತ್ರವು ಹಠಾತ್ತನೆ ನಿಂತುಹೋದರೆ ಸ್ಟಾರ್ಟರನ್ನು ಮತ್ತೆ ಒತ್ತಬಾರದು. ಗಾಡಿಯನ್ನು ದಡಕ್ಕೆ ಎಳೆಸಿ ಶೋಧಕವನ್ನು ತೆರೆದು ನೋಡಬೇಕು. ಕಾಗದವು ಒದ್ದೆಯಾಗಿದ್ದರೆ ಮೆಕ್ಯಾನಿಕ್ಕಿನವನು ಇಂಜೆಕ್ಟರುಗಳನ್ನೋ ಗ್ಲೋ ಪ್ಲಗ್ಗುಗಳನ್ನೋ ಬಿಚ್ಚಿ, ಯಂತ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ ಒಳಗಿನ ನೀರನ್ನು ಆ ತೂತುಗಳಿಂದ ಹೊರಹಾಕುತ್ತಾನೆ. ಬಳಿಕ ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ನೋಡಬೇಕು. ಎಣ್ಣೆಯು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ತಳದ ತೊಟ್ಟಿಯವರೆಗೂ ಇಳಿದಿದೆಯೆಂದು ಅರ್ಥ. ಆ ಎಣ್ಣೆಯನ್ನು ಪೂರ್ತಿ ಬಸಿದು, ಹೊಸದನ್ನು ತುಂಬಿದ ಮೇಲೆಯೇ ಯಂತ್ರವನ್ನು ಓಡಿಸತಕ್ಕದ್ದು.